ಊರಿನವರೇ ಬೆಂಕಿ ಆರಿಸುವ ಊರು

ಮಕ್ಕಳೇ, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹಳ್ಳಿಗಾಡಿನಲ್ಲಿ ಒಂದೆರಡು ಸಾವಿರ ಜನರಷ್ಟೇ ಇರುವ ಪುಟ್ಟ ಊರುಗಳು ಬಹಳ ಇವೆ. ಅಂಥ ಊರಿನಲ್ಲಿ ಒಂದು ಶಾಲೆ, ಒಂದು ಚರ್ಚು, ನಾಲ್ಕಾರು ಅಂಗಡಿಗಳ ಜೊತೆಗೆ ಎತ್ತರದ ಬಾಗಿಲುಗಳ ಒಂದು ಕಟ್ಟಡವೂ ಇರುತ್ತದೆ. ಅದರೊಳಗೆ ಬೆಂಕಿ ಆರಿಸುವ ವಾಹನಗಳು ಸಿದ್ಧವಾಗಿ ನಿಂತಿರುತ್ತವೆ. ಆದರೆ ಎಷ್ಟೋ ಊರುಗಳಲ್ಲಿ, ಹೆಚ್ಚಿನ ಹೊತ್ತು, ಆ ಕಟ್ಟಡದಲ್ಲಿ ಒಬ್ಬರೂ ಇರುವುದಿಲ್ಲ!

ಹಾಗಾದರೆ ಬೆಂಕಿ ಆರಿಸುವವರು ಎಲ್ಲಿ ಹೋದರು? ಒಬ್ಬರು ಹಸುವಿನ ಹಾಲು ಕರೆಯುತ್ತಿದ್ದಾರೆ. ಒಬ್ಬರು ಗ್ಯಾರೇಜಿನಲ್ಲಿ ಕಾರು ರಿಪೇರಿ ಮಾಡುತ್ತಿದ್ದಾರೆ. ಇನ್ನೊಬ್ಬರು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಾರೆ. ಅಷ್ಟರಲ್ಲಿ ಸೊಂಟದಲ್ಲಿರುವ ಪೇಜರ್ ಎಂಬ ಪುಟ್ಟ ಸಂದೇಶ ಸಾಧನ ಕೂಗುತ್ತದೆ, ಊರಿನ ಸೈರನ್ ಮೊಳಗುತ್ತದೆ. ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಆ ಕಟ್ಟಡಕ್ಕೆ, ಅಂದರೆ ಅಗ್ನಿಶಾಮಕ ಠಾಣೆಗೆ, ಧಾವಿಸುತ್ತಾರೆ.

ಇವರಿಗೆ ಸಂಬಳವಿಲ್ಲ. ಇವರದು ಸ್ವಯಂಸೇವಕ ಅಗ್ನಿಶಾಮಕ ದಳ. ಅಮೆರಿಕದಲ್ಲಿ ಬೆಂಕಿ ಆರಿಸುವವರು ಸುಮಾರು ಹತ್ತು ಲಕ್ಷ ಮಂದಿ ಇದ್ದಾರೆ. ಅವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಇಂಥ ಸ್ವಯಂಸೇವಕರೇ. ವಾಹನಕ್ಕೆ, ಪೈಪಿಗೆ, ಉಡುಪಿಗೆ ಹಣ ಸಾಲದೆ ಬಂದಾಗ ಭಾನುವಾರ ಬೆಳಿಗ್ಗೆ ಊರಿಗೆಲ್ಲ ತಿಂಡಿ ಮಾಡಿ ಬಡಿಸುತ್ತಾರೆ, ಕೋಳಿ ಸುಟ್ಟು ಮಾರುತ್ತಾರೆ. ಹಾಗೆ ಬಂದ ಹಣವನ್ನು ದಳಕ್ಕೆ ಸೇರಿಸುತ್ತಾರೆ.

ಬೆಂಕಿ ನಿಮಿಷ ನಿಮಿಷಕ್ಕೂ ಬೆಳೆಯುತ್ತದೆ. ಹೊಲದಿಂದ, ಮನೆಯಿಂದ ಓಡಿ ಬರುವವರಿಗೆ ಸಮಯವೇ ಕಡಿಮೆ. ಆದರೂ ಅವರು ಗೆಲ್ಲುತ್ತಾರಲ್ಲ, ಹೇಗೆ? ಬೆಂಕಿಯ ವಿಜ್ಞಾನವನ್ನು ಅವರು ಬೆಂಕಿ ಇಲ್ಲದ ದಿನಗಳಲ್ಲೇ ಕಲಿತುಕೊಂಡಿರುತ್ತಾರೆ. ಸಂಜೆಗಳಲ್ಲಿ, ವಾರದ ಕೊನೆಯಲ್ಲಿ, ಒಟ್ಟು ನೂರಕ್ಕೂ ಹೆಚ್ಚು ಗಂಟೆ ತರಬೇತಿ ಪಡೆಯುತ್ತಾರೆ. ಅವರು ಕಲಿಯುವುದರಲ್ಲಿ ಸ್ವಲ್ಪವನ್ನು ನಾವೂ ಕಲಿಯೋಣ.

ಉರಿಯುವುದು ಕಟ್ಟಿಗೆಯಲ್ಲ!

ಕಟ್ಟಿಗೆಗೆ ಬೆಂಕಿ ಹತ್ತಿತು ಎನ್ನುತ್ತೇವೆ. ಆದರೆ ಜ್ವಾಲೆಯಾಗಿ ಉರಿಯುವುದು ಕಟ್ಟಿಗೆಯಿಂದ ಹೊರಟ ಅನಿಲ. ಕಟ್ಟಿಗೆ 250–300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಾಗ ಅದರೊಳಗಿನ ವಸ್ತುಗಳು ಒಡೆದು ಉರಿಯಬಲ್ಲ ಅನಿಲಗಳಾಗಿ ಹೊರಬರುತ್ತವೆ. ಆ ಅನಿಲ ಗಾಳಿಯ ಆಮ್ಲಜನಕದೊಡನೆ ಬೆರೆತು ಉರಿಯುತ್ತದೆ. ಉರಿದಾಗ ಹುಟ್ಟಿದ ಶಾಖ ಪಕ್ಕದ ಕಟ್ಟಿಗೆಯನ್ನು ಕಾಯಿಸುತ್ತದೆ, ಅಲ್ಲಿಂದ ಮತ್ತಷ್ಟು ಅನಿಲ ಬರುತ್ತದೆ. ಹೀಗೆ ಬೆಂಕಿ ತನ್ನ ಮುಂದಿನ ಊಟವನ್ನು ತಾನೇ ಬೇಯಿಸಿಕೊಳ್ಳುತ್ತ ಹೋಗುತ್ತದೆ.

ಇದನ್ನು ಮಕ್ಕಳಿಗೆ ತೋರಿಸಿಕೊಟ್ಟವರು ಮೈಕೆಲ್ ಫ್ಯಾರಡೆ. ಕಮ್ಮಾರನ ಮಗನಾಗಿ ಹುಟ್ಟಿ ಮಹಾವಿಜ್ಞಾನಿಯಾದ ಫ್ಯಾರಡೆ, 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಒಂದು ಮೇಣದಬತ್ತಿಯ ಬಗ್ಗೆಯೇ ಆರು ಉಪನ್ಯಾಸ ಕೊಟ್ಟರು. ಉರಿಯುತ್ತಿದ್ದ ಬತ್ತಿಯನ್ನು ಆರಿಸಿ, ಅದರಿಂದ ಮೇಲೇಳುವ ಬಿಳಿ ಹೊಗೆಗೆ ಜ್ವಾಲೆ ಹಿಡಿದರು. ಬೆಂಕಿ ಹೊಗೆಯ ಎಳೆ ಹಿಡಿದು ಕೆಳಗಿಳಿದು ಬತ್ತಿಯನ್ನು ಮತ್ತೆ ಹೊತ್ತಿಸಿತು! ಆ ಬಿಳಿ ಹೊಗೆ ಮೇಣದ ಆವಿ, ಉರಿಯುವುದು ಅದೇ.

ಮೂರು ಕಲ್ಲಿನ ಒಲೆಯನ್ನು ನೀವು ನೋಡಿರಬಹುದು. ಒಂದು ಕಲ್ಲು ಜಾರಿದರೆ ಸಾಕು, ಪಾತ್ರೆ ಉರುಳುತ್ತದೆ. ಬೆಂಕಿಯೂ ಹಾಗೆಯೇ ಮೂರರ ಮೇಲೆ ನಿಂತಿದೆ: ಉರಿಯುವ ವಸ್ತು, ಆಮ್ಲಜನಕ, ಶಾಖ. ಬೆಂಕಿ ಆರಿಸುವುದೆಂದರೆ ಇವುಗಳಲ್ಲಿ ಒಂದನ್ನು ತೆಗೆಯುವುದು. ಬೇಸಿಗೆಗೆ ಮೊದಲು ನಮ್ಮ ಬಂಡೀಪುರದಂಥ ಕಾಡುಗಳಲ್ಲಿ ಉದ್ದಕ್ಕೂ ಹುಲ್ಲು, ತರಗೆಲೆ ತೆಗೆದು ಬೆಂಕಿ ರೇಖೆ ಮಾಡುತ್ತಾರಲ್ಲ, ಅಲ್ಲಿ ತೆಗೆಯುವುದು ಉರಿಯುವ ವಸ್ತುವನ್ನು. ಬಾಣಲೆಗೆ ಮುಚ್ಚಳ ಮುಚ್ಚಿದರೆ ಆಮ್ಲಜನಕ ತಪ್ಪುತ್ತದೆ. ನೀರು ಹೊಡೆದರೆ ಶಾಖ ಹೋಗುತ್ತದೆ.

ನೀರಿನ ಹಸಿವು

ಶಾಖವನ್ನು ನುಂಗುವುದರಲ್ಲಿ ನೀರಿನ ಸಾಮರ್ಥ್ಯ ದೊಡ್ಡದು. 20 ಡಿಗ್ರಿಯಲ್ಲಿರುವ ಒಂದು ಲೀಟರ್ ನೀರು 100 ಡಿಗ್ರಿಗೆ ಬರಲು ಸುಮಾರು 335 ಕಿಲೋಜೂಲ್ ಶಾಖ ಬೇಕು. ಆದರೆ ಆ ಕುದಿನೀರು ಪೂರ್ತಿ ಆವಿಯಾಗಲು ಬೇಕಾದದ್ದು ಸುಮಾರು 2,260 ಕಿಲೋಜೂಲ್! ಅಂದರೆ, ಬಿಸಿಯಾಗಿ ನೆಲಕ್ಕೆ ಹರಿದುಹೋದ ನೀರಿಗಿಂತ ಆವಿಯಾದ ನೀರು ಬಹಳ ಹೆಚ್ಚು ಶಾಖವನ್ನು ಹೊತ್ತೊಯ್ಯುತ್ತದೆ.

ನೀರನ್ನು ಬೇಗ ಆವಿ ಮಾಡುವುದು ಹೇಗೆ? ಸಣ್ಣ ಸಣ್ಣ ಹನಿ ಮಾಡಬೇಕು. ಒಂದು ಸೆಂಟಿಮೀಟರ್ ಅಳತೆಯ ನೀರಿನ ಘನವೊಂದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮಿಲಿಮೀಟರ್ ಅಳತೆಯ ಸಾವಿರ ಘನಗಳಾಗಿ ಕತ್ತರಿಸಿದರೆ ಒಟ್ಟು ವಿಸ್ತೀರ್ಣ 60 ಚದರ ಸೆಂಟಿಮೀಟರ್! ನೀರು ಅಷ್ಟೇ ಇದೆ, ಬಿಸಿಗಾಳಿಗೆ ತಾಗುವ ಮೈ ಮಾತ್ರ ಹತ್ತು ಪಟ್ಟಾಯಿತು. ಪೈಪಿನ ಮೂತಿಯನ್ನು ತಿರುಗಿಸಿ ನೀರನ್ನು ನೇರ ಧಾರೆಯಾಗಿಯೂ ಬಿಡಬಹುದು, ತುಂತುರಾಗಿಯೂ ಬಿಡಬಹುದು. ದೂರ ತಲುಪಲು ಧಾರೆ, ಶಾಖ ಹೀರಲು ತುಂತುರು.

ಇಲ್ಲೊಂದು ಅಪಾಯವೂ ಇದೆ. 100 ಡಿಗ್ರಿಯ ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,700 ಲೀಟರ್ ಜಾಗ ಹಿಡಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಆ ಬಿಸಿ ಆವಿ ಬೆಂಕಿ ಆರಿಸುವವರನ್ನೇ ಸುಡಬಹುದು. ಆದ್ದರಿಂದ ಆವಿಗೆ, ಹೊಗೆಗೆ ಯಾವ ಕಿಟಕಿಯಿಂದ ದಾರಿ ಕೊಡಬೇಕು, ಯಾವಾಗ ಕೊಡಬೇಕು ಎಂಬುದನ್ನು ಅವರು ಯೋಚಿಸಿಯೇ ಮಾಡುತ್ತಾರೆ. ತಪ್ಪು ಹೊತ್ತಿನಲ್ಲಿ ಕಿಟಕಿ ಒಡೆದರೆ ಹೊಸ ಗಾಳಿ ಒಳನುಗ್ಗಿ ಬೆಂಕಿ ಭುಗಿಲೇಳುತ್ತದೆ.

ನೀರಿನ ಲೆಕ್ಕ

ದೊಡ್ಡ ನಗರದಲ್ಲಿ ಬೀದಿ ಬೀದಿಗೂ ನೀರಿನ ಕೊಳವೆ ಇರುತ್ತದೆ. ಹಳ್ಳಿಗಾಡಿನಲ್ಲಿ ಅದೆಲ್ಲಿ? ಅಲ್ಲಿ ನೀರನ್ನು ಹೊತ್ತುಕೊಂಡೇ ಹೋಗಬೇಕು.

ಪಂಪು ಇರುವ ಮುಖ್ಯ ವಾಹನದಲ್ಲಿ ಸುಮಾರು 3,800 ಲೀಟರ್ ನೀರಿದೆ ಎಂದಿಟ್ಟುಕೊಳ್ಳೋಣ. ಒಂದು ಪೈಪು ನಿಮಿಷಕ್ಕೆ ಸುಮಾರು 570 ಲೀಟರ್ ಚೆಲ್ಲುತ್ತದೆ. ಭಾಗಿಸಿ ನೋಡಿ: ಏಳು ನಿಮಿಷವೂ ಸಾಲದು! ಎರಡು ಪೈಪು ಹಿಡಿದರೆ ಮೂರೂವರೆ ನಿಮಿಷಕ್ಕೆಲ್ಲ ತೊಟ್ಟಿ ಬರಿದು.

ಅದಕ್ಕೇ ನೀರಿನ ಟ್ಯಾಂಕರುಗಳು ಹಿಂದೆಯೇ ಬರುತ್ತವೆ. ರಸ್ತೆಯ ಬದಿಯಲ್ಲಿ ಮಡಚಿಟ್ಟ ಒಂದು ದೊಡ್ಡ ತೊಟ್ಟಿಯನ್ನು ಬಿಡಿಸಿ ನಿಲ್ಲಿಸುತ್ತಾರೆ. ಟ್ಯಾಂಕರು ಬಂದು ಅದಕ್ಕೆ ನೀರು ಸುರಿದು, ಕೆರೆಯ ಕಡೆ ಮರಳಿ ಓಡುತ್ತದೆ. ಈಗ ನಿಮಗೊಂದು ಲೆಕ್ಕ. ಎರಡು ಪೈಪುಗಳು ನಿಮಿಷಕ್ಕೆ 1,140 ಲೀಟರ್ ಬಳಸುತ್ತವೆ. ಒಂದು ಟ್ಯಾಂಕರಿನಲ್ಲಿ 7,600 ಲೀಟರ್ ಹಿಡಿಸುತ್ತದೆ. ಕೆರೆಗೆ ಹೋಗಿ ತುಂಬಿಸಿಕೊಂಡು ಬಂದು ಸುರಿಯಲು 20 ನಿಮಿಷ ಬೇಕು. ನೀರು ಒಮ್ಮೆಯೂ ನಿಲ್ಲದಿರಲು ಎಷ್ಟು ಟ್ಯಾಂಕರು ಬೇಕು? 20 ನಿಮಿಷಕ್ಕೆ 22,800 ಲೀಟರ್, ಅಂದರೆ ಸರಿಯಾಗಿ ಮೂರು. ಒಂದು ಊರಿನಲ್ಲಿ ಮೂರು ಟ್ಯಾಂಕರು ಇಲ್ಲದಿದ್ದರೆ? ಪಕ್ಕದ ಊರಿನ ದಳ ಬರುತ್ತದೆ. ನಾಳೆ ಅವರಿಗೆ ಕಷ್ಟ ಬಂದರೆ ಇವರು ಹೋಗುತ್ತಾರೆ. ಹಾಗೆಂದು ಮೊದಲೇ ಮಾತಾಡಿಕೊಂಡಿರುತ್ತಾರೆ.

ಕೆರೆಯ ನೀರನ್ನು ಪಂಪು ಹೇಗೆ ಎತ್ತುತ್ತದೆ ಗೊತ್ತೇ? ಪಂಪು ನೀರನ್ನು ಎಳೆಯುತ್ತದೆ ಎಂದು ನಮಗೆ ಅನಿಸುತ್ತದೆ. ನಿಜವಾಗಿ ಪಂಪು ಮಾಡುವುದು ಕೊಳವೆಯೊಳಗಿನ ಗಾಳಿಯನ್ನು ತೆಗೆಯುವ ಕೆಲಸ. ಆಗ ಕೆರೆಯ ಮೇಲೆ ಒತ್ತಿ ನಿಂತಿರುವ ಹೊರಗಿನ ಗಾಳಿ ನೀರನ್ನು ಕೊಳವೆಯೊಳಕ್ಕೆ ತಳ್ಳುತ್ತದೆ. ಗಾಳಿಗೂ ಇಂಥ ಒತ್ತಡವಿದೆ ಎಂದು 1643ರಲ್ಲಿ ಪಾದರಸದ ನಳಿಗೆಯಿಂದ ತೋರಿಸಿಕೊಟ್ಟವರು ಇಟಲಿಯ ಟೊರಿಸೆಲ್ಲಿ. ಆ ಒತ್ತಡ ನೀರನ್ನು ಹತ್ತು ಮೀಟರಿಗಿಂತ ಸ್ವಲ್ಪವೇ ಹೆಚ್ಚು ಎತ್ತರಕ್ಕೆ ಏರಿಸಬಲ್ಲದು. ಕೆಲಸದಲ್ಲಿ ಆರೇಳು ಮೀಟರು ಸಿಕ್ಕರೆ ಹೆಚ್ಚು. ಹಾಗಾಗಿ ಎಷ್ಟೇ ಬಲವಾದ ಪಂಪು ತಂದರೂ ಆಳದ ಕಣಿವೆಯ ತೊರೆಯಿಂದ ಹೀಗೆ ನೀರೆತ್ತಲಾಗದು. ಯಾವ ಕೆರೆ ರಸ್ತೆಗೆ ಹತ್ತಿರ, ಯಾವ ಸೇತುವೆಯ ಕೆಳಗೆ ನೀರು ಎಷ್ಟು ಆಳದಲ್ಲಿದೆ, ಎಲ್ಲವನ್ನೂ ದಳದವರು ಮೊದಲೇ ನೋಡಿಟ್ಟಿರುತ್ತಾರೆ. ಚಳಿಗಾಲದಲ್ಲಿ ಅಲ್ಲಿ ಕೆರೆಯ ಮೇಲ್ಭಾಗ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆಯ ಪದರಕ್ಕಿಂತ ಕೆಳಗೆ ಬಾಯಿ ಇರುವಂತೆ ಕೊಳವೆಯೊಂದನ್ನು ಹೂತು, ಇನ್ನೊಂದು ತುದಿಯನ್ನು ರಸ್ತೆಯ ಬದಿಗೆ ತಂದಿರುತ್ತಾರೆ. ವಾಹನ ಬಂದು ಅದಕ್ಕೆ ಪೈಪು ಜೋಡಿಸಿದರಾಯಿತು, ಮಂಜುಗಡ್ಡೆ ಒಡೆಯುವ ಕಷ್ಟವಿಲ್ಲ.

ಹೊಗೆಯೊಳಗೆ

ಮನೆಯ ಬೆಂಕಿಯಲ್ಲಿ ಜ್ವಾಲೆಗಿಂತ ಮೊದಲು ಅಪಾಯ ತರುವುದು ಹೊಗೆ. ಬಿಸಿ ಹೊಗೆ ಹಗುರ, ಅದು ಸೂರಿಗೆ ಏರಿ ಪದರವಾಗಿ ನಿಲ್ಲುತ್ತದೆ; ಪದರ ದಪ್ಪವಾಗುತ್ತ ಕೆಳಗಿಳಿಯುತ್ತದೆ. ಸೂರಿನ ಬಳಿ ಉಷ್ಣತೆ ಸುಮಾರು 600 ಡಿಗ್ರಿ ಮುಟ್ಟಿದಾಗ, ಅಲ್ಲಿಂದ ಹೊಮ್ಮುವ ಶಾಖಕ್ಕೆ ಕೋಣೆಯ ಕುರ್ಚಿ, ಪರದೆ, ಹಾಸಿಗೆ ಎಲ್ಲವೂ ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಪ್ಲಾಸ್ಟಿಕ್ಕು, ಫೋಮು ತುಂಬಿದ ಈಗಿನ ಕೋಣೆಗಳಲ್ಲಿ ಇದು ಐದು ನಿಮಿಷದೊಳಗೇ ಆಗಬಹುದೆಂದು ಪ್ರಯೋಗಗಳಲ್ಲಿ ಕಂಡಿದ್ದಾರೆ.

ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಂಡು, ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಆದ್ದರಿಂದ ಒಳಗೆ ಹೋಗುವವರು ಬೆನ್ನಿಗೆ ಸಿಲಿಂಡರ್ ಹೊತ್ತಿರುತ್ತಾರೆ. ಅದರಲ್ಲಿರುವುದು ಬರೀ ಆಮ್ಲಜನಕ ಎಂದುಕೊಂಡಿರಾ? ಅಲ್ಲ, ಒತ್ತಿ ತುಂಬಿದ ಶುದ್ಧ ಗಾಳಿ. ಬೆಂಕಿಯ ನಡುವೆ ಬರೀ ಆಮ್ಲಜನಕ ಸೋರಿದರೆ ಉರಿ ಇನ್ನಷ್ಟು ಜೋರಾಗುತ್ತದೆ!

ಕೋಟು, ಪ್ಯಾಂಟು ಮೂರು ಪದರದವು. ಹೊರಪದರ ಬೆಂಕಿಗೆ ಕರಗದ ನಾರಿನದು, ನಡುವಿನದು ನೀರು ತಡೆಯುತ್ತದೆ, ಒಳಗಿನದು ಶಾಖ ತಡೆಯುತ್ತದೆ. ಈ ಎಲ್ಲವನ್ನೂ ತೊಟ್ಟರೆ 20 ಕಿಲೋಗೂ ಹೆಚ್ಚು ಭಾರ. ತೊಟ್ಟವರು ಹೊಗೆಯಲ್ಲಿ ಸುಮಾರು ಅರ್ಧ ನಿಮಿಷ ಅಲುಗಾಡದೆ ಬಿದ್ದರೆ ಮೈಮೇಲಿನ ಒಂದು ಪುಟ್ಟ ಸಾಧನ ತಾನಾಗಿಯೇ ಕಿರುಚಿಕೊಳ್ಳುತ್ತದೆ. ಒಳಗೆ ಒಬ್ಬರೇ ಹೋಗುವುದಿಲ್ಲ. ಇಬ್ಬರು ಜೊತೆಯಾಗಿ ಹೋಗುತ್ತಾರೆ, ಇನ್ನಿಬ್ಬರು ಅವರನ್ನು ಕಾಪಾಡಲು ಹೊರಗೆ ಸಿದ್ಧರಿರುತ್ತಾರೆ.

ಫಿಲಡೆಲ್ಫಿಯಾದ ನೆರೆಹೊರೆ

ಪೆನ್ಸಿಲ್ವೇನಿಯಾದಲ್ಲಿ ಊರಿನವರೇ ಸೇರಿ ಬೆಂಕಿ ಆರಿಸುವ ಈ ಪದ್ಧತಿ ಬಹಳ ಹಳೆಯದು. ಮಿಂಚು ವಿದ್ಯುತ್ತೇ ಎಂದು ತೋರಿಸಿ, ಕಟ್ಟಡಗಳಿಗೆ ಮಿಂಚುವಾಹಕ ಕೊಟ್ಟ ಬೆಂಜಮಿನ್ ಫ್ರಾಂಕ್ಲಿನ್ ಅವರ ಹೆಸರು ಕೇಳಿದ್ದೀರಲ್ಲ? ಅವರು 1735ರಲ್ಲಿ ತಮ್ಮ ಪತ್ರಿಕೆಯಲ್ಲಿ ಊರಿನ ಬೆಂಕಿಯ ಬಗ್ಗೆ ಬರೆದರು. ಉರಿಯುವ ಕೆಂಡವನ್ನು ತೆರೆದ ಸಲಿಕೆಯಲ್ಲಿ ಕೋಣೆಯಿಂದ ಕೋಣೆಗೆ ಒಯ್ಯಬೇಡಿ, ಮುಚ್ಚಿದ ಪಾತ್ರೆಯಲ್ಲಿ ಒಯ್ಯಿರಿ, ದಾರಿಯಲ್ಲಿ ಬಿದ್ದ ಒಂದು ಕಿಡಿ ರಾತ್ರಿ ಮನೆಯನ್ನೇ ಸುಡಬಹುದು ಎಂಬ ಅರ್ಥದ ಬುದ್ಧಿಮಾತು ಅದರಲ್ಲಿತ್ತು. ಮರುವರ್ಷ, 1736ರ ಡಿಸೆಂಬರಿನಲ್ಲಿ, ಅವರೂ ಗೆಳೆಯರೂ ಸೇರಿ ಅಲ್ಲಿನ ಫಿಲಡೆಲ್ಫಿಯಾ ನಗರದಲ್ಲಿ ಯೂನಿಯನ್ ಫೈರ್ ಕಂಪನಿ ಎಂಬ ದಳ ಕಟ್ಟಿದರು. ಸದಸ್ಯರು ತಮ್ಮ ಸ್ವಂತ ಖರ್ಚಿನಲ್ಲಿ ನೀರಿಗೆ ಚರ್ಮದ ಬಕೆಟ್ಟುಗಳನ್ನೂ, ಮನೆಯ ಸಾಮಾನು ತುಂಬಿ ಹೊರಸಾಗಿಸಲು ಗಟ್ಟಿ ಬಟ್ಟೆಯ ಚೀಲಗಳನ್ನೂ ಇಟ್ಟುಕೊಂಡಿರಬೇಕಿತ್ತು. ಆಗ ಮೋಟಾರು ವಾಹನ ಇರಲಿಲ್ಲ, ಪೇಜರ್ ಇರಲಿಲ್ಲ. ಆದರೆ ಮೊದಲೇ ಸಿದ್ಧರಾಗಿರುವ ಗುಣ ಆಗಲೇ ಇತ್ತು.

ನಮ್ಮ ಮನೆಯಲ್ಲಿ

ನಮ್ಮ ರಾಜ್ಯದಲ್ಲಿ ಬೆಂಕಿ ಆರಿಸುವ ಕೆಲಸ ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯದು. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹಡಗೊಂದು ಸಿಡಿದಾಗ ಬೆಂಕಿ ಆರಿಸುತ್ತಲೇ ಪ್ರಾಣ ಕೊಟ್ಟವರ ನೆನಪಿಗೆ ದೇಶವೆಲ್ಲ ಪ್ರತಿವರ್ಷ ಏಪ್ರಿಲ್ 14ರಿಂದ ಒಂದು ವಾರ ಅಗ್ನಿಶಾಮಕ ಸಪ್ತಾಹ ಆಚರಿಸುತ್ತದೆ. ಆದರೆ ಅಗ್ನಿಶಾಮಕ ಸಿಬ್ಬಂದಿ ಬಂದು ಮುಟ್ಟುವ ಮೊದಲಿನ ನಿಮಿಷಗಳಲ್ಲಿ ಮನೆಯಲ್ಲಿ ಇರುವವರು ನಾವು ತಾನೇ? ಆದ್ದರಿಂದ ಇಷ್ಟನ್ನು ಕಲಿತಿಟ್ಟುಕೊಳ್ಳಿ.

ಹೊಗೆ ತುಂಬಿದರೆ ಬಗ್ಗಿ ತೆವಳಿಕೊಂಡು ಹೊರಗೆ ಬನ್ನಿ. ತಂಪು ಗಾಳಿ ನೆಲದ ಬಳಿ ಇರುತ್ತದೆ. ಬರುವಾಗ ಬಾಗಿಲು ಮುಚ್ಚಿ ಬನ್ನಿ, ಅದರಿಂದ ಬೆಂಕಿಗೆ ಗಾಳಿ ಕಡಿಮೆಯಾಗುತ್ತದೆ. ಹೊರಗೆ ಬಂದ ಮೇಲೆ ಆಟಿಕೆಗೆಂದೋ, ಪುಸ್ತಕಕ್ಕೆಂದೋ ಮತ್ತೆ ಒಳಗೆ ಹೋಗಲೇಬೇಡಿ. 101 ಅಥವಾ 112ಕ್ಕೆ ಫೋನ್ ಮಾಡಿ ವಿಳಾಸವನ್ನು ಸ್ಪಷ್ಟವಾಗಿ ಹೇಳಿ.

ಬಟ್ಟೆಗೆ ಬೆಂಕಿ ತಗುಲಿದರೆ ಓಡಬಾರದು, ಓಡಿದರೆ ಗಾಳಿ ಸಿಕ್ಕಿ ಉರಿ ಹೆಚ್ಚುತ್ತದೆ. ನಿಲ್ಲಿ, ಮಲಗಿ, ಮುಖ ಮುಚ್ಚಿಕೊಂಡು ಉರುಳಿ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಕೂಡದು. ನೀರು ಎಣ್ಣೆಗಿಂತ ಭಾರ. ತಳಕ್ಕಿಳಿದು ಒಮ್ಮೆಲೇ ಆವಿಯಾಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ದೊಡ್ಡವರನ್ನು ಕೂಗಿ, ಅವರು ಒಲೆ ಆರಿಸಿ ಮುಚ್ಚಳ ಮುಚ್ಚಲಿ. ಅಡುಗೆ ಅನಿಲದ ವಾಸನೆ ಬಂದರೆ ಸ್ವಿಚ್ಚನ್ನು ಹಾಕಲೂ ಬೇಡಿ, ಆರಿಸಲೂ ಬೇಡಿ. ಅದರ ಒಂದು ಸಣ್ಣ ಕಿಡಿ ಸಾಕು. ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಬಳಿ ಸೇರಿಕೊಳ್ಳುತ್ತದೆ. ಬಾಗಿಲು, ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ.

ಇಂದು ಸಂಜೆ ಅಪ್ಪ ಅಮ್ಮನ ಜೊತೆ ಮನೆಯನ್ನೊಮ್ಮೆ ಸುತ್ತಿ ಬನ್ನಿ. ಪ್ರತಿ ಕೋಣೆಯಿಂದ ಹೊರಬರಲು ಎಷ್ಟು ದಾರಿ ಇದೆ? ಹೊರಬಂದ ಮೇಲೆ ಎಲ್ಲರೂ ಸೇರುವ ಜಾಗ ಯಾವುದು? ಚಿತ್ರ ಬರೆದು ಗೋಡೆಗೆ ಅಂಟಿಸಿ, ತಂಗಿ ತಮ್ಮಂದಿರಿಗೂ ಅಜ್ಜಿಗೂ ತೋರಿಸಿ. ಪಕ್ಕದ ಮನೆಯಲ್ಲಿ ನಡೆಯಲು ಕಷ್ಟಪಡುವ ಅಜ್ಜ ಇದ್ದರೆ ಅವರಿಗೆ ಯಾರು ನೆರವಾಗಬೇಕೆಂದು ದೊಡ್ಡವರ ಹತ್ತಿರ ಕೇಳಿ ತಿಳಿದುಕೊಳ್ಳಿ. ಪೆನ್ಸಿಲ್ವೇನಿಯಾದ ಆ ರೈತ, ಮೆಕ್ಯಾನಿಕ್, ಮೇಷ್ಟ್ರು ಮಾಡುವುದೂ ಇದನ್ನೇ: ಬೆಂಕಿಯನ್ನು ಮೊದಲೇ ತಿಳಿದುಕೊಂಡು, ನೆರೆಯವರಿಗಾಗಿ ಸಿದ್ಧರಾಗಿರುವುದು.