ಬೀಪ್ ಆದ ಮೇಲೆ ಎಷ್ಟು ರೂಪಾಯಿ?

ಮೂಡುಬಿದಿರೆಯಿಂದ ಮಾತಾಡ್ತಿದ್ದೇನೆ. ಹೊರಗೆ ಮಳೆ ಉಂಟು, ಹಿಂದೆ ಸದ್ದು ಕೇಳಿದ್ರೆ ಅದು ನಮ್ಮ ಶೀಟಿನ ಮಾಡಿನದ್ದು. ಈ ವಾರದ ವಿಷಯ ವಾಯ್ಸ್‌ಮೇಲ್. ನಗಬೇಡಿ. ನಮ್ಮ ವಯಸ್ಸಿನವರು ವಾಟ್ಸಾಪಲ್ಲಿ ವಾಯ್ಸ್ ನೋಟ್ ಹಾಕ್ತೇವೆ, ಅಲ್ಲಿಗೆ ಮುಗೀತು. ಆದ್ರೆ ನನ್ನ ಮಾವನಿಗೆ ವಾಯ್ಸ್‌ಮೇಲ್ ಅಂದ್ರೆ ಅಂಗಡಿಯ ಬಾಗಿಲು.

ಮಾವನದ್ದು ಮದುವೆ ಊಟದ ಕೇಟರಿಂಗ್. ಬಂಟ್ವಾಳ, ಬೆಳ್ತಂಗಡಿ ಕಡೆಯವರು ಹಗಲು ಫೋನ್ ಮಾಡ್ತಾರೆ. ಮುಂಬೈ, ದುಬೈಯಲ್ಲಿರುವ ಊರಿನವರು ಕೆಲಸ ಮುಗಿಸಿ ಮಾಡುವಾಗ ಇಲ್ಲಿ ರಾತ್ರಿ ಹನ್ನೊಂದು. ಮಾವ ಆಗ ಯಾವುದೋ ಹಾಲ್‌ನಲ್ಲಿ ಮರುದಿನದ ತರಕಾರಿ ಹೆಚ್ಚಿಸ್ತಾ ಇರ್ತಾರೆ. ಆಫೀಸಿನ ಇಪಿಎಬಿಎಕ್ಸ್ ಬಾಕ್ಸಿನೊಳಗೆ ಒಂದು ವಾಯ್ಸ್‌ಮೇಲ್ ಕಾರ್ಡ್ ಇತ್ತು, ಅದು ಆ ಕರೆಗಳನ್ನು ಹಿಡಿದಿಡ್ತಿತ್ತು. ಹೋದ ಏಪ್ರಿಲ್‌ನಲ್ಲಿ ಒಂದು ಸಂಜೆ ಸಿಡಿಲು ಬಡೀತು, ಬಾಕ್ಸೇ ಹೋಯ್ತು. ಬದಲಿಸ್ಲಿಕ್ಕೆ ಎರಡು ಕೊಟೇಶನ್ ಬಂತು. ಮಾವ ಎರಡನ್ನೂ ನನ್ನ ಕೈಗೆ ಕೊಟ್ಟು, "ನೀನು ಬಿಕಾಂ ಅಲ್ವಾ ಮಾರಾಯ, ಯಾವುದು ನ್ಯಾಯದ ರೇಟು ಹೇಳು" ಅಂದ್ರು.

ಒಂದನೇದು ಹೊಸ ಬಾಕ್ಸ್. 72,000 ರೂಪಾಯಿ, ಎರಡನೇ ವರ್ಷದಿಂದ ವರ್ಷಕ್ಕೆ 8,000 ಎಎಂಸಿ. ಎರಡನೇದು ಕ್ಲೌಡ್. ಬಾಕ್ಸೇ ಬೇಡ, ತಿಂಗಳಿಗೆ 1,200 ಬಾಡಿಗೆ. ನೋಡಿದ ಕೂಡ್ಲೇ ಎರಡನೇದೇ ಚೀಪ್ ಅನ್ನಿಸ್ತದೆ. ನನಗೂ ಹಾಗೇ ಅನ್ನಿಸಿತ್ತು. ಆದ್ರೆ ಎರಡನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ರು: ನಿಮಿಷಕ್ಕೆ 1 ರೂಪಾಯಿ. ಹೊರಗೆ ಹೋಗುವ ಕರೆಗೆ ಮಾತ್ರ ಅಲ್ಲ, ಒಳಗೆ ಬರುವ ಕರೆಗೂ. ಯಾರೋ ಫೋನ್ ಮಾಡಿ ಅದು ಮಾವನ ಮೊಬೈಲಿಗೆ ಕನೆಕ್ಟ್ ಆದ್ರೆ ಮೀಟರ್ ಓಡ್ತದೆ.

ಮಾವನಿಗೆ ತಿಂಗಳಿಗೆ ಸುಮಾರು 900 ನಿಮಿಷ ಕರೆ ಬರ್ತದೆ. ಅಲ್ಲಿಗೆ 1,200 ಅಲ್ಲ, 2,100. ಮೂರು ವರ್ಷಕ್ಕೆ 75,600. ಬಾಕ್ಸಿಗೆ ಮೂರು ವರ್ಷಕ್ಕೆ 88,000. ಎರಡಕ್ಕೂ 18% ಜಿಎಸ್‌ಟಿ ಸೇರಿಸಿದ್ರೆ ಕ್ಲೌಡ್ 89,208, ಬಾಕ್ಸ್ 1,03,840. ಅದೇ ಐದು ವರ್ಷಕ್ಕೆ ಲೆಕ್ಕ ಹಾಕಿ: ಕ್ಲೌಡ್ 1,48,680, ಬಾಕ್ಸ್ 1,22,720. ತಿರುಗಿಬಿಟ್ಟಿತು! ಎಷ್ಟು ವರ್ಷಕ್ಕೆ ಅಂತ ಕೇಳದೆ "ರೇಟು ಸರಿಯಾ?" ಅಂತ ಕೇಳಿದ್ರೆ ಉತ್ತರವೇ ಇಲ್ಲ.

ಜಿಎಸ್‌ಟಿ ವಾಪಸ್ ಸಿಗ್ತದಲ್ವಾ ಅಂತ ನೀವು ಕೇಳ್ಬಹುದು. ಹಾರ್ಡ್‌ವೇರ್ ಅಂಗಡಿಯವರು ರೆಗ್ಯುಲರ್ ರಿಜಿಸ್ಟ್ರೇಶನ್‌ನಲ್ಲಿದ್ರೆ ಇನ್‌ಪುಟ್ ಕ್ರೆಡಿಟ್ ತಗೊಳ್ಬಹುದು. ಮಾವನ ಹಾಗೆ 5% ಜಿಎಸ್‌ಟಿ ಹಾಕುವ ಕೇಟರಿಂಗ್‌ನವರಿಗೆ ಆ ಕ್ರೆಡಿಟ್ ಇಲ್ಲ. ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಡಾಕ್ಟರ್ ಕ್ಲಿನಿಕ್‌ಗೂ ಇಲ್ಲ. ಹಾಗಾಗಿ ಪಕ್ಕದ ಅಂಗಡಿಯವರು "ನನಗೆ ಇಷ್ಟಕ್ಕೇ ಆಯ್ತು" ಅಂದ್ರೆ ಅದು ನಿಮ್ಮ ರೇಟಲ್ಲ.

ಇನ್ನು ಎಎಂಸಿ. ಪೂರ್ತಿ ಓದಿದೆ. ಸಿಡಿಲು, ವೋಲ್ಟೇಜ್ ಏರುಪೇರಿನಿಂದ ಹಾಳಾದ್ರೆ ಅನ್ವಯಿಸುವುದಿಲ್ಲ ಅಂತ ಉಂಟು. ನಮ್ಮ ಕಡೆ ಬಾಕ್ಸ್ ಹಾಳಾಗುವುದು ಮತ್ತೆ ಎಂತದಕ್ಕೆ ಮಾರಾಯ್ರೆ? ಮಳೆಗಾಲಕ್ಕೆ ಅನ್ವಯಿಸದ ಕೊಡೆಗೆ ವರ್ಷಕ್ಕೆ 8,000.

ಮಾರುವವರನ್ನು ನಾನು ಕಳ್ಳರು ಅಂತಿಲ್ಲ. 72,000ವನ್ನು ಬಿಡಿಸಿ ಬರೆದು ಕೊಡಿ ಅಂತ ಕೇಳಿದೆ, ಕೊಟ್ರು. ಅದರಲ್ಲಿ ಇನ್‌ಸ್ಟಲೇಶನ್, ಪ್ರೋಗ್ರಾಮಿಂಗ್ ಅಂತ 14,000 ಇತ್ತು. ಮಂಗಳೂರಿಂದ ಒಬ್ಬರು ಬಂದು ಅರ್ಧ ದಿನ ಮಾಡುವ ಕೆಲಸ. ಕೇಳಿದ ಮೇಲೆ 6,000ಕ್ಕೆ ಇಳೀತು. ಕೇಳದಿದ್ರೆ ಇಳೀತಿರಲಿಲ್ಲ.

ಆದ್ರೆ ನನ್ನ ಕಣ್ಣು ತೆರೆಸಿದ್ದು ಕೊಟೇಶನ್ ಅಲ್ಲ, ಅತ್ತೆಯ ನೋಟ್ ಪುಸ್ತಕ. ಅತ್ತೆ ದಿನಾ ಬೆಳಿಗ್ಗೆ ವಾಯ್ಸ್‌ಮೇಲ್ ಕೇಳಿ ಬರೆದಿಡ್ತಿದ್ರು. ಮಾರ್ಚ್ ತಿಂಗಳ ಪುಟ ತೆಗೆದು ಎಣಿಸಿದೆ. 58 ಮೆಸೇಜ್, ಅದರಲ್ಲಿ 37ರ ಎದುರು "ಖಾಲಿ" ಅಂತ ಬರೆದಿದ್ದಾರೆ. ಬೀಪ್ ಕೇಳಿದ ಕೂಡ್ಲೇ ಜನ ಫೋನ್ ಇಟ್ಟಿದ್ದಾರೆ. ಹಳೇ ಬಾಕ್ಸಿನಲ್ಲಿ ನಂಬರೂ ಬೀಳ್ತಿರಲಿಲ್ಲ, ಅಷ್ಟೂ ಮಂದಿ ಹೋದ ಹಾಗೆ. ಹಾಗಾದ್ರೆ ಮಾವನಿಗೆ ಬೇಕಾದದ್ದು ದೊಡ್ಡ ವಾಯ್ಸ್‌ಮೇಲ್ ಅಲ್ಲ, ಮಾತಾಡದೆ ಇಟ್ಟವರ ನಂಬರ್. ಕ್ಲೌಡಿನಲ್ಲಿ ಅದು ತನ್ನಷ್ಟಕ್ಕೇ ದಾಖಲಾಗ್ತದೆ.

ಒಂದು ಹೆದರಿಕೆ ಮಾತ್ರ ಉಳಿದಿತ್ತು. ಕ್ಲೌಡ್‌ನವರು ಕೊಡುವ ನಂಬರ್ ಅವರದ್ದು. ವ್ಯಾನಿನ ಮೇಲೆ, ಕಾರ್ಡಿನ ಮೇಲೆ ಅದನ್ನೇ ಬರೆಸಿ, ನಾಳೆ ಅವರನ್ನು ಬಿಟ್ರೆ? ಮೊಬೈಲ್ ನಂಬರಿಗೆ 2011ರಿಂದ ದೇಶಾದ್ಯಂತ ಪೋರ್ಟಿಂಗ್ ಉಂಟು, ಲ್ಯಾಂಡ್‌ಲೈನಿಗೆ ಇಲ್ಲ. ಅದಕ್ಕೆ 08258ರ ಹಳೇ ನಂಬರನ್ನೇ ಇಟ್ಕೊಂಡೆವು. ಹಗಲು ಆಫೀಸಲ್ಲೇ ಎತ್ತುವುದು, ಯಾರೂ ಎತ್ತದಿದ್ರೆ ಮಾತ್ರ ಕ್ಲೌಡಿಗೆ ಫಾರ್ವರ್ಡ್. ನಿಮಿಷ 900ರಿಂದ 200ರ ಹತ್ರ ಬಂತು. ಆಗ ನೋಡಿ, ಮೊದಲು ತೋರಿಸದೇ ಇದ್ದ 600 ರೂಪಾಯಿಯ ಸಣ್ಣ ಪ್ಲಾನ್ ಒಂದು ಹೊರಗೆ ಬಂತು! ಅದನ್ನೇ ಒಂದು ವರ್ಷಕ್ಕೆ ತಗೊಂಡೆವು. ರೆಕಾರ್ಡಿಂಗ್‌ಗಳನ್ನು ನಾವೇ ಡೌನ್‌ಲೋಡ್ ಮಾಡ್ಕೊಳ್ಬಹುದು ಅಂತ ಬರೆಸಿಕೊಂಡಿದ್ದೇವೆ.

ಸ್ವಾಗತದ ಧ್ವನಿಗೆ ಭಾಷೆಗೊಂದು ಚಾರ್ಜ್ ಹೇಳಿದ್ರು, ತುಳು ಅವರಲ್ಲಿ ಇರಲೇ ಇಲ್ಲ. ಅತ್ತೆ ಕಂಬಳಿ ಹೊದ್ದು ನನ್ನ ಫೋನಲ್ಲೇ ರೆಕಾರ್ಡ್ ಮಾಡಿದ್ರು. ಕನ್ನಡದಲ್ಲೊಂದು, ತುಳುವಿನಲ್ಲೊಂದು: "ನಿಕ್ಲೆನ ಪುದರ್, ಮದಿಮೆದ ತಾರೀಕ್ ಪನ್ಲೆ." ಹೆಸರು, ಮದುವೆ ತಾರೀಕು ಹೇಳಿ, ಅಷ್ಟೇ. ಮೊದಲ ವಾರ ರಾತ್ರಿ 11.40ಕ್ಕೆ ದುಬೈಯಿಂದ ಒಬ್ಬರು ಹೆಸರು, ತಾರೀಕು, ಎಷ್ಟು ಎಲೆ ಅಂತ ಎಲ್ಲ ಹೇಳಿ ಇಟ್ಟಿದ್ರು. ಮಾವ ಬೆಳಿಗ್ಗೆ ಎದ್ದ ಕೂಡ್ಲೇ ವಾಪಸ್ ಮಾಡಿದ್ರು. "ನಿಮ್ಮ ರೇಟು ಸ್ವಲ್ಪ ಜಾಸ್ತಿ ಆಯ್ತಲ್ವಾ, ಬಿಡಿಸಿ ಬರೆದು ಕಳಿಸಿ" ಅಂದ್ರಂತೆ ಅವರು.