“ತಲಿ ಕೆಟ್ಟೈತಿ” ಎನ್ನುವ ಮೊದಲು

(ಸಾವಳಗಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ವೈದ್ಯಳಲ್ಲ, ನರ್ಸಬಾಯಿಯೂ ಅಲ್ಲ. ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸಿ ನಿವೃತ್ತಳಾದವಳು. ಇಂದಿನ ವಿಷಯ ಮನೋರೋಗಿಗಳ ಶುಶ್ರೂಷೆ. ವರದಕ್ಷಿಣೆಯ ವಿರುದ್ಧ ನಿಂತ ನಮಗೆ ಇದು ಯಾಕೆ ಎಂದು ನೀವು ಕೇಳಬಹುದು.

ಯಾಕೆಂದರೆ ಹೆಣ್ಣನ್ನು ಮನೆಯಿಂದ ಹೊರಗೆ ಹಾಕಲು ಒಂದೇ ಮಾತು ಸಾಕು: “ಅಕಿಗೆ ತಲಿ ಕೆಟ್ಟೈತಿ.” ಹುಂಡಾ ಸಾಲಲಿಲ್ಲ ಎಂದು ತವರಿಗೆ ಅಟ್ಟಿದರೆ ನಾಲ್ಕು ಜನ ಛೀ ಅಂದಾರು. ತಲೆ ಕೆಟ್ಟಿದೆ ಎಂದರೆ ಅದೇ ನಾಲ್ಕು ಜನ ಗಂಡನಿಗೇ ಮರುಗುತ್ತಾರೆ. ಇನ್ನೊಂದು ಕಡೆ, ನಿಜವಾಗಿಯೂ ಕಾಯಿಲೆಯಾದವಳಿಗೆ “ನಾಟಕ ಮಾಡತಾಳ” ಎಂದು ಹೊಡೆತ ಬೀಳುತ್ತದೆ. ರೋಗವಿಲ್ಲದವಳಿಗೆ ರೋಗದ ಹೆಸರು, ರೋಗವಿದ್ದವಳಿಗೆ ಏಟು. ಈ ಎರಡನ್ನೂ ತಡೆಯಲು ಶುಶ್ರೂಷೆಯ ಮೊದಲ ಪಾಠಗಳು ನಮಗೆ ಗೊತ್ತಿರಬೇಕು.

ಇದು ಓದಿದವರ ಸ್ವತ್ತಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಅಂಗಳದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಇರಿಸಿ ಆರೈಕೆ ಕಲಿಸಿದರು. ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅವರು ಕಲಿತದ್ದನ್ನು ನಾವೂ ಕಲಿಯಬಹುದು.

ಮೊದಲನೆಯದು, ನೋಡುವುದು. ನಿದ್ದೆ, ಊಟ, ಸ್ನಾನ, ಮಾತು, ಕೆಲಸ, ಈ ಐದನ್ನು ಗಮನಿಸಿ. ಎರಡು ವಾರ ದಾಟಿದರೂ ನಿದ್ದೆಯಿಲ್ಲ, ತುತ್ತು ಇಳಿಯುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದರೆ ಅದು ಸೋಮಾರಿತನವಲ್ಲ, ಖಿನ್ನತೆ ಇರಬಹುದು. ಕಂಡದ್ದನ್ನು ದಿನಾಂಕ ಹಾಕಿ ಬರೆದಿಡಿ. “ಹೆಂಗೋ ಮಾಡತಾಳ” ಎಂದರೆ ವೈದ್ಯರಿಗೆ ತಿಳಿಯದು. “ನಾಲ್ಕು ರಾತ್ರಿ ಮಲಗಿಲ್ಲ” ಎಂದರೆ ತಿಳಿಯುತ್ತದೆ.

ಎರಡನೆಯದು, ಕೇಳುವುದು. “ಧೈರ್ಯ ತಗೋ, ಎಲ್ಲಾರ ಮನ್ಯಾಗೂ ಇದ್ದದ್ದ” ಎಂದರೆ ಅವಳ ಬಾಯಿ ಮುಚ್ಚಿಸಿದಂತೆ. ಸುಮ್ಮನೆ ಪಕ್ಕದಲ್ಲಿ ಕುಳಿತು ಕೇಳುವುದೇ ಅರ್ಧ ಶುಶ್ರೂಷೆ. ಅತ್ತೆ, ಗಂಡ ಎದುರಿಗಿರುವಾಗ ಅವಳು ನಿಜ ಹೇಳಲಾರಳು. ಒಬ್ಬಳೇ ಸಿಕ್ಕಾಗ “ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೇನು?” ಎಂದು ನೇರವಾಗಿ ಕೇಳಿ. ಹೊಡೆಯುವ ಕೈಯನ್ನು ಗುಳಿಗೆ ತಡೆಯಲಾರದು.

ಮೂರನೆಯದು, ವಾದ ಮಾಡದಿರುವುದು. ಕಾಯಿಲೆಯಲ್ಲಿ ಕೆಲವರಿಗೆ ಇಲ್ಲದ ದನಿ ಕೇಳುತ್ತದೆ, ಇಲ್ಲದ ಭಯ ಕಾಡುತ್ತದೆ. ಸುಳ್ಳೆಂದು ಗದರಬೇಡಿ, ಹೌದೆಂದು ತಲೆಯನ್ನೂ ಆಡಿಸಬೇಡಿ. “ನಿನಗೆ ಹೆದರಿಕಿ ಆಗೈತಿ, ನಾ ಇಲ್ಲೇ ಅದೀನಿ” ಎನ್ನಿ. ಆದರೆ ಒಂದು ಎಚ್ಚರ. “ನನ್ನ ಊಟದಾಗ ವಿಷ ಹಾಕ್ಯಾರ” ಎಂದು ಸೊಸೆಯೊಬ್ಬಳು ಹೇಳಿದರೆ ಅದು ಭ್ರಮೆ ಎಂದು ತೀರ್ಮಾನಿಸುವ ಮೊದಲು ವಿಚಾರಿಸಿ. ಹುಂಡಾಕ್ಕಾಗಿ ಕೊಲ್ಲುವ ಕಾಲದಲ್ಲಿ ಅದು ನಿಜವೂ ಆಗಿರಬಹುದು.

ನಾಲ್ಕನೆಯದು, ಒಂಟಿಯಾಗಿ ಬಿಡದಿರುವುದು. “ಬದುಕು ಸಾಕಾಗೈತಿ” ಎಂದವಳನ್ನು “ಸಾಯಬೇಕು ಅನಸತೈತೇನು?” ಎಂದು ಕೇಳಲು ಅಂಜಬೇಡಿ. ಕೇಳಿದ್ದರಿಂದ ಯಾರೂ ಸಾಯುವುದಿಲ್ಲ, ಎದೆ ಹಗುರಾಗುತ್ತದೆ. ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಯನ್ನು ಮನೆಯಿಂದ ಸಾಗಿಸಿ, ಬೀಗದಲ್ಲಿಡಿ. ಆ ಗಳಿಗೆ ದಾಟಿದರೆ ಎಷ್ಟೋ ಜೀವ ಉಳಿಯುತ್ತವೆ.

ಐದನೆಯದು, ಔಷಧ. ಖಿನ್ನತೆಯ ಗುಳಿಗೆ ಗುಣ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಮೂರು ದಿನಕ್ಕೆ ಗುಣವಿಲ್ಲವೆಂದು ಎಸೆಯಬಾರದು. ಗುಣವಾಯಿತೆಂದು ನಾವೇ ನಿಲ್ಲಿಸಲೂಬಾರದು.

ಬಾಣಂತಿ ಸನ್ನಿಯ ಬಗ್ಗೆ ಪ್ರತ್ಯೇಕ ಹೇಳಲೇಬೇಕು. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರಗಳೊಳಗೆ, ಇದು ಬರುತ್ತದೆ. ನಿದ್ದೆ ಹೋಗುತ್ತದೆ, ಮಾತು ಅಡ್ಡಾದಿಡ್ಡಿಯಾಗುತ್ತದೆ, ಕೂಸು ತನ್ನದಲ್ಲ ಎನ್ನುತ್ತಾಳೆ. “ಗಾಳಿ ಸೋಕೈತಿ” ಎಂದು ಬೇವಿನ ಬರಲಿನಲ್ಲಿ ಹೊಡೆಯುವುದನ್ನೂ, “ಹುಚ್ಚಿ ಕೊಟ್ಟು ಮೋಸ ಮಾಡ್ಯಾರ” ಎಂದು ಬೀಗರು ಜಗಳ ತೆಗೆಯುವುದನ್ನೂ ಕಂಡಿದ್ದೇನೆ. ಇದು ಅದೇ ದಿನ ಆಸ್ಪತ್ರೆಗೆ ಒಯ್ಯಬೇಕಾದ ಕಾಯಿಲೆ, ಚಿಕಿತ್ಸೆಯಿಂದ ಬಹುತೇಕ ತಾಯಂದಿರು ಚೇತರಿಸಿಕೊಳ್ಳುತ್ತಾರೆ. ಅಲ್ಲಿಯತನಕ ತಾಯಿ ಕೂಸುಗಳನ್ನು ಇಬ್ಬರನ್ನೇ ಬಿಡಬೇಡಿ, ಇನ್ನೊಬ್ಬ ಹೆಂಗಸು ಸದಾ ಜೊತೆಗಿರಲಿ. ಇಂಥವರಿಗಾಗಿಯೇ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ತಾಯಿ-ಮಗು ಘಟಕ ತೆರೆದರು. ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೂ ಹೇಳುತ್ತದೆ.

ಈ ಕಾಯಿದೆಯನ್ನು ನಾವು ಬಾಯಿಪಾಠ ಮಾಡಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸುಟ್ಟುಹೋದರು. ಈಗ ಸರಪಳಿ ಕಟ್ಟುವುದು ಕಾನೂನಿನಲ್ಲಿ ನಿಷಿದ್ಧ. ರೋಗಿಯನ್ನು ಹಿಂಸಿಸುತ್ತಿದ್ದರೆ ಯಾರು ಬೇಕಾದರೂ ಠಾಣೆಗೆ ತಿಳಿಸಬಹುದು. ಚಿಕಿತ್ಸೆ ಪಡೆದ ಮಾತ್ರಕ್ಕೆ ಯಾರೂ ಬುದ್ಧಿ ಸ್ವಾಧೀನದಲ್ಲಿಲ್ಲದವರು ಎಂದಾಗುವುದಿಲ್ಲ, ಅದನ್ನು ನ್ಯಾಯಾಲಯವೇ ಹೇಳಬೇಕು. ಹೆಂಡತಿಗೆ ಮನೋರೋಗ ಇದೆ ಎಂದಷ್ಟೇ ಹೇಳಿ ವಿಚ್ಛೇದನ ಕೇಳಿದರೆ ಸಾಲದು, ಕೂಡಿ ಬಾಳಲಾಗದಷ್ಟು ತೀವ್ರ ಎಂದು ಗಂಡ ಸಾಬೀತುಪಡಿಸಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಆದ್ದರಿಂದ ಆಸ್ಪತ್ರೆಯ ಚೀಟಿಗಳು ಅವಳ ಕೈಯಲ್ಲೇ ಇರಲಿ, ಖಾಲಿ ಕಾಗದಕ್ಕೆ ಸಹಿ, ಹೆಬ್ಬೆಟ್ಟು ಬೇಡ. ಮಾತಿನಿಂದ ಮನಸ್ಸು ಮುರಿಯುವುದೂ ಹಿಂಸೆಯೇ ಎಂದು 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಹೇಳುತ್ತದೆ.

ಎಲ್ಲಿಗೆ ಹೋಗಬೇಕು? 14416ಕ್ಕೆ ಫೋನು ಮಾಡಿದರೆ ಹಗಲಿರುಳು, ದುಡ್ಡಿಲ್ಲದೆ, ಕನ್ನಡದಲ್ಲಿ ಮನಸ್ಸಿನ ತೊಂದರೆಗೆ ಸಲಹೆ ಸಿಗುತ್ತದೆ. ಇದು 2022ರಿಂದ ನಡೆದಿರುವ ಟೆಲಿ-ಮನಸ್. ಹೊಡೆತ ಬಡಿತವಿದ್ದರೆ 181, ಜೀವಕ್ಕೆ ಅಪಾಯವಿದ್ದರೆ 112. ಹೆಚ್ಚಿನ ಚಿಕಿತ್ಸೆಗೆ ನಮ್ಮ ಭಾಗದವರಿಗೆ ಧಾರವಾಡದ ಹಳೆಯ ಮಾನಸಿಕ ಆಸ್ಪತ್ರೆ, ಇಂದಿನ ಡಿಮ್ಹಾನ್ಸ್, ಇದೆ.

ಕೊನೆಯ ಮಾತು. ವಾರದ ಸಭೆಯಲ್ಲಿ ಕಂತು ಬಂತೋ ಇಲ್ಲವೋ ಎಂದು ಲೆಕ್ಕ ಇಡುತ್ತೇವೆ. ಮಗುವಿನ ಕೈಯಲ್ಲಿ ಕಂತು ಕಳಿಸಿ ತಾನು ಬಾರದವಳ ಲೆಕ್ಕ ಯಾರು ಇಡುತ್ತಾರೆ? ದುಡ್ಡು ಬಂದರೂ ಹೆಣ್ಣುಮಗಳು ಎರಡು ವಾರ ಬರದಿದ್ದರೆ ಸಂಘದಿಂದ ಇಬ್ಬರು ಅವಳ ಮನೆಗೆ ಹೋಗಬೇಕು ಎಂದು ಇಂದೇ ಠರಾವು ಬರೆಯಿರಿ. ಹೋದವರು ಮೊದಲು ಸಾಲದ ಮಾತು ಎತ್ತಬಾರದು. “ನಿದ್ದಿ ಬರತೈತೇನ, ತಂಗಿ?” ಎಂದು ಕೇಳಬೇಕು. ಶುಶ್ರೂಷೆ ಅಲ್ಲಿಂದ ಶುರುವಾಗುತ್ತದೆ.