ಸುಂಕದವರು ಕೇಳಿದ ಪ್ರಶ್ನೆ: ಸೋಮವಾರ ಬೆಳಗಿನ ಶಿಷ್ಯತ್ವ

ಬೈಬಲ್ ಹತ್ತಿರ ಇದ್ದರೆ ಲೂಕನ ಸುವಾರ್ತೆ 3ನೇ ಅಧ್ಯಾಯ ತೆಗೆದುಕೊಳ್ಳಿ, 10ರಿಂದ 14ನೇ ವಚನ. ಇದರ ಜೊತೆಗೆ 5ನೇ ಅಧ್ಯಾಯದ ಲೇವಿ, 19ನೇ ಅಧ್ಯಾಯದ ಜಕ್ಕಾಯ, ಇವರಿಬ್ಬರನ್ನೂ ಇವತ್ತು ನೋಡೋಣ. ಮೂರು ಕಡೆಯೂ ಬರೋದು ಸುಂಕದವರೇ.

ಸುಂಕದವರೇ ಯಾಕೆ? ಶಿಷ್ಯತ್ವ ಅಂದ ಕೂಡಲೇ ನಮಗೆ ನೆನಪಾಗೋದು ಬಲೆ ಬಿಟ್ಟು ಹೊರಟ ಪೇತ್ರ, ಅಂದ್ರೆಯ, ಯಾಕೋಬ, ಯೋಹಾನ. ಆಮೇಲೆ ನಮ್ಮನ್ನು ನಾವು ನೋಡ್ಕೋತೀವಿ. ಲ್ಯಾಪ್‌ಟಾಪ್ ಬಿಟ್ಟಿಲ್ಲ, ಹೋಮ್ ಲೋನ್ ಕಟ್ಟಬೇಕು, ಊರಿಗೆ ದುಡ್ಡು ಕಳಿಸಬೇಕು. ಹಾಗಾದರೆ ನಮ್ಮದು ಎರಡನೇ ದರ್ಜೆಯ ಶಿಷ್ಯತ್ವವಾ? ಭಾನುವಾರ ಮಾತ್ರ ಶಿಷ್ಯರು, ಸೋಮವಾರದಿಂದ ಶುಕ್ರವಾರ ಬರೀ ಉದ್ಯೋಗಿಗಳಾ? ಈ ಪ್ರಶ್ನೆಗೆ ಸುಂಕದವರ ಕಥೆಯಲ್ಲಿ ನೇರವಾದ ಉತ್ತರ ಇದೆ.

ಮೊದಲು ಹಿನ್ನೆಲೆ ಸ್ವಲ್ಪ ನೋಡೋಣ. ಆ ಕಾಲದಲ್ಲಿ ಸುಂಕ ವಸೂಲಿ ಬಹುಮಟ್ಟಿಗೆ ಗುತ್ತಿಗೆ ಮೇಲೆ ನಡೀತಿತ್ತು. ಸರ್ಕಾರಕ್ಕೆ ಇಷ್ಟು ಅಂತ ಕಟ್ಟಬೇಕು, ಅದರ ಮೇಲೆ ಎಷ್ಟು ಕಿತ್ತುಕೊಂಡರೂ ಅದು ವಸೂಲಿ ಮಾಡುವವನ ಜೇಬಿಗೆ. ಜನ ಅವರನ್ನು ದ್ವೇಷಿಸಿದ್ದು ಸುಮ್ಮನೆ ಅಲ್ಲ. ಅಂಥವರು ಯೊರ್ದನ್ ಹೊಳೆಯ ಹತ್ತಿರ ಸ್ನಾನಿಕನಾದ ಯೋಹಾನನ ಬಳಿ ದೀಕ್ಷಾಸ್ನಾನಕ್ಕೆ ಬಂದು, ನಾವೇನು ಮಾಡಬೇಕು ಅಂತ ಕೇಳ್ತಾರೆ. ಈ ಭಾಗದಲ್ಲಿ ಇದೇ ಪ್ರಶ್ನೆ ಮೂರು ಸಲ ಬರುತ್ತೆ: ಮೊದಲು ಸಾಮಾನ್ಯ ಜನ, ಆಮೇಲೆ ಸುಂಕದವರು, ಕೊನೆಗೆ ಸಿಪಾಯಿಗಳು.

ಯೋಹಾನನ ಉತ್ತರ ನೋಡಿ. ಜನರಿಗೆ ಹೇಳ್ತಾನೆ, ಎರಡು ಅಂಗಿ ಇದ್ದರೆ ಇಲ್ಲದವನಿಗೆ ಒಂದು ಕೊಡಿ, ಊಟವನ್ನೂ ಹಾಗೇ ಹಂಚಿಕೊಳ್ಳಿ ಅಂತ. ಸುಂಕದವರಿಗೆ, ನೇಮಕವಾದದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಅಂತ. ಸಿಪಾಯಿಗಳಿಗೆ, ಹೆದರಿಸಿ, ಸುಳ್ಳು ದೂರು ಹೇಳಿ ಹಣ ಕೀಳಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಅಂತ. ಯಾರಿಗೂ ರಾಜೀನಾಮೆ ಕೊಡಿ ಅನ್ನಲಿಲ್ಲ. ಅದೇ ಕಟ್ಟೆ, ಅದೇ ಕುರ್ಚಿ. ಆದರೆ ಅಲ್ಲಿ ಕೂತು ಬರೆಯೋ ಲೆಕ್ಕ ಬೇರೆ.

ಇನ್ನೊಂದು ವಿಷಯ ಗಮನಿಸಿ. ಆತ ಎಲ್ಲರಿಗೂ ಒಂದೇ ಉಪದೇಶ ಕೊಡಲಿಲ್ಲ. ಪ್ರತಿ ಕೆಲಸದಲ್ಲೂ ಒಂದೊಂದು ಸುಲಭವಾದ ಕಳ್ಳತನ ಇರುತ್ತೆ, ಅದು ಎಲ್ಲರೂ ಮಾಡೋದು, ಯಾರೂ ಕಳ್ಳತನ ಅಂತ ಕರೆಯದೇ ಇರೋದು. ಯೋಹಾನ ನೇರವಾಗಿ ಅಲ್ಲಿಗೇ ಕೈ ಹಾಕಿದ. ಹಾಗಾದರೆ ನಮ್ಮ ಕೆಲಸದಲ್ಲಿ ಅದು ಯಾವುದು? ನಾನು ಸಾಫ್ಟ್‌ವೇರ್‌ನವನು, ನನಗೆ ಗೊತ್ತಿರೋ ಕ್ಷೇತ್ರದ್ದನ್ನೇ ಹೇಳ್ತೀನಿ.

ಒಂದು, ಬಾಡಿಗೆ ರಸೀದಿ. ಜನವರಿ ಬಂತು ಅಂದರೆ ಎಚ್‌ಆರ್‌ಎ ಪ್ರೂಫ್ ಕೇಳ್ತಾರೆ. ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಮನೆ ಮಾಲೀಕರ ಪ್ಯಾನ್ ಕೊಡಬೇಕು. ಅದಕ್ಕೆ ಎಷ್ಟೋ ರಸೀದಿಗಳಲ್ಲಿ ತಿಂಗಳ ಬಾಡಿಗೆ ಸರಿಯಾಗಿ 8,300 ಇರುತ್ತೆ! ಹನ್ನೆರಡು ತಿಂಗಳಿಗೆ 99,600. ಸ್ವಂತ ಮನೇಲಿ ಇದ್ದುಕೊಂಡು ಈ ರಸೀದಿ ಬರೆಯೋರೂ ಇದ್ದಾರೆ. ನಿಜವಾಗಿ ಅಪ್ಪ ಅಮ್ಮನ ಮನೆಯಲ್ಲಿದ್ದು, ಅವರಿಗೆ ಬಾಡಿಗೆ ಕೊಟ್ಟು, ಅವರು ಅದನ್ನು ಆದಾಯದಲ್ಲಿ ತೋರಿಸಿದರೆ ಅದರಲ್ಲಿ ತಪ್ಪಿಲ್ಲ. ನಾನು ಹೇಳ್ತಿರೋದು ಕೊಡದ ಬಾಡಿಗೆಯ ರಸೀದಿ ಬಗ್ಗೆ. ಲೂಕ 16:10ರಲ್ಲಿ ಯೇಸು, ಸ್ವಲ್ಪದರಲ್ಲಿ ನಂಬಿಗಸ್ತಿಕೆ ಅನ್ನೋ ಮಾತು ಆಡೋದು ಹಣದ ವಿಷಯದಲ್ಲೇ ಅನ್ನೋದು ನೆನಪಿರಲಿ.

ಎರಡು, ಹಸಿರು ಚುಕ್ಕೆ. ವರ್ಕ್ ಫ್ರಮ್ ಹೋಮ್ ಬಂದ ಮೇಲೆ ಮೌಸ್ ಜಿಗ್ಲರ್ ಅನ್ನೋ ಸಾಧನದ ಬಳಕೆ ಹೆಚ್ಚಾಯ್ತು. ಆಳು ನಿದ್ದೆ ಮಾಡ್ತಿರ್ತಾನೆ, ಮೌಸ್ ಓಡಾಡ್ತಿರುತ್ತೆ. ಕೊಲೊಸ್ಸೆ 3:22ರಲ್ಲಿ ಪೌಲ, ಯಜಮಾನ ನೋಡ್ತಾ ಇದ್ದಾಗ ಮಾತ್ರ ಮಾಡೋ ಕೆಲಸದ ಬಗ್ಗೆ ಎಚ್ಚರಿಸ್ತಾನೆ. ಆತ ಇದನ್ನು ಬರೆದದ್ದು ಯಾರಿಗೆ? ದಾಸರಿಗೆ. ಅವರಿಗೆ ಸಂಬಳ ಇಲ್ಲ, ಅಪ್ರೈಸಲ್ ಇಲ್ಲ, ನೋಟಿಸ್ ಪೀರಿಯಡ್ ಕೊಟ್ಟು ಬಿಟ್ಟು ಹೋಗೋ ಹಾಗೂ ಇಲ್ಲ. ಅಂಥವರಿಗೇ, ನೀವು ನಿಜವಾಗಿ ಸೇವೆ ಮಾಡ್ತಿರೋದು ಕರ್ತನಿಗೆ ಅಂತ ಹೇಳಿ ಅವರ ಕೆಲಸಕ್ಕೆ ಮರ್ಯಾದೆ ತಂದುಕೊಟ್ಟ. ಹಾಗಂತ ರಾತ್ರಿ ಹನ್ನೊಂದರ ತನಕ ದುಡಿಸಿಕೊಳ್ಳೋ ಮ್ಯಾನೇಜರ್‌ಗೆ ಹೂಂ ಅನ್ನೋದೇ ಭಕ್ತಿ ಅಂತಲ್ಲ. ಕೆಲಸ ಮಾಡಿದ್ದನ್ನು ಮಾಡಿದೆ ಅನ್ನಬೇಕು, ಆಗದ್ದನ್ನು ಆಗಲ್ಲ ಅನ್ನಬೇಕು. ಮತ್ತಾಯ 5:37ರ ಸಾರ ಇಷ್ಟೇ. ಅರ್ಧ ಆಗಿರೋ ಕೆಲಸಕ್ಕೆ ಕ್ಲೈಂಟ್ ಮುಂದೆ "ಆಲ್ಮೋಸ್ಟ್ ಡನ್" ಅಂತ ಹೇಳೋದು ಆ ಹೌದಿಗೂ ಸೇರಲ್ಲ, ಆ ಇಲ್ಲಕ್ಕೂ ಸೇರಲ್ಲ.

ಮೂರು, ಇದು ಎಲ್ಲಕ್ಕಿಂತ ಕಷ್ಟದ್ದು. ನಮ್ಮ ಪ್ರಾರ್ಥನಾ ಕೂಟಕ್ಕೆ ಬರೋ ಒಬ್ಬ ತಮ್ಮ ಕೇಳಿದ ಪ್ರಶ್ನೆ. "ಅಣ್ಣಾ, ನಾನು ಎರಡು ವರ್ಷದ ಸುಳ್ಳು ಎಕ್ಸ್‌ಪೀರಿಯನ್ಸ್ ಲೆಟರ್ ಹಾಕಿ ಕೆಲಸಕ್ಕೆ ಸೇರಿದ್ದು. ಆಗ ನನಗೆ ಕರ್ತನ ಪರಿಚಯ ಇರಲಿಲ್ಲ. ಈಗ ಪ್ರತಿ ತಿಂಗಳು ಸಂಬಳ ಬಂದಾಗ ಎದೆ ಹೊಡ್ಕೊಳುತ್ತೆ. ದೇವರು ಕ್ಷಮಿಸಿದಾನೆ ಅಲ್ವಾ? ಹಾಗಾದರೆ ಸುಮ್ಮನಿರಬಹುದಾ?" ಇಂಥ ಪ್ರಶ್ನೆ ಇಟ್ಟುಕೊಂಡು ಈ ವಿಡಿಯೋ ನೋಡ್ತಿರೋರು ಇನ್ನೂ ಇರಬಹುದು. ಅದಕ್ಕೇ ಜಕ್ಕಾಯನ ಹತ್ತಿರ ಹೋಗೋಣ.

ಜಕ್ಕಾಯ ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ, ಐಶ್ವರ್ಯವಂತ. ಯೇಸುವನ್ನು ನೋಡೋಕೆ ಮರ ಹತ್ತಿದ. ಇಲ್ಲಿ ಕ್ರಮ ಮುಖ್ಯ. ಯೇಸು ಮೊದಲು ಅವನ ಹೆಸರು ಹಿಡಿದು ಕರೆದು, ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಅಂತಾನೆ. ಮೊದಲು ಲೆಕ್ಕ ಚುಕ್ತಾ ಮಾಡು, ಆಮೇಲೆ ಬರ್ತೀನಿ ಅನ್ನಲಿಲ್ಲ. ಕೃಪೆ ಮೊದಲು ಬಂತು. ಆದರೆ ಕೃಪೆ ಮನೆಯೊಳಗೆ ಬಂದ ಮೇಲೆ ಲೆಕ್ಕದ ಪುಸ್ತಕ ಮುಚ್ಚಿಡೋಕೆ ಜಕ್ಕಾಯನಿಗೇ ಆಗಲಿಲ್ಲ. ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಅಂದ.

ಈ ನಾಲ್ಕು ಅನ್ನೋ ಸಂಖ್ಯೆ ನೋಡಿ. ಅರಣ್ಯಕಾಂಡ 5:7ರ ಪ್ರಕಾರ, ತಪ್ಪನ್ನು ಒಪ್ಪಿಕೊಂಡವನು ಪೂರ್ತಿ ಮೊತ್ತದ ಜೊತೆ ಐದನೇ ಒಂದು ಭಾಗ ಸೇರಿಸಿ ಕೊಡಬೇಕು. ಅಂದರೆ 100 ರೂಪಾಯಿಗೆ 120. ನಾಲ್ಕರಷ್ಟು ಅನ್ನೋದು ವಿಮೋಚನಕಾಂಡ 22:1ರಲ್ಲಿ ಕುರಿ ಕದ್ದು ಕೊಯ್ದವನಿಗೆ ಅಥವಾ ಮಾರಿದವನಿಗೆ ಇರೋ ದಂಡ. ಜಕ್ಕಾಯ ತಾನಾಗಿ ಒಪ್ಪಿಕೊಂಡವನು, 120ರಲ್ಲಿ ಮುಗಿಸಬಹುದಿತ್ತು. 400 ಅಂದ. ತನ್ನನ್ನು ಕುರಿಗಳ್ಳರ ಸಾಲಿನಲ್ಲಿ ತಾನೇ ನಿಲ್ಲಿಸಿಕೊಂಡ. ಕ್ಷಮೆ ಸಿಕ್ಕಿದೆ, ಹಾಗಾಗಿ ಸುಮ್ಮನಿರಬಹುದು ಅನ್ನೋದು ನಮ್ಮ ತರ್ಕ. ಕ್ಷಮೆ ಸಿಕ್ಕಿದೆ, ಹಾಗಾಗಿ ಇನ್ನು ಮುಚ್ಚಿಡೋ ಭಯ ಇಲ್ಲ ಅನ್ನೋದು ಜಕ್ಕಾಯನ ತರ್ಕ.

ಆ ತಮ್ಮನಿಗೆ ನಾವು ಹೇಳಿದ್ದು ಇಷ್ಟು. ಮೊದಲು, ಹೊಸ ಸುಳ್ಳು ನಿಲ್ಲಲಿ. ಮುಂದಿನ ರೆಸ್ಯೂಮೆಯಲ್ಲಿ, ಲಿಂಕ್ಡ್‌ಇನ್‌ನಲ್ಲಿ ಆ ಎರಡು ವರ್ಷ ಇರಬಾರದು. ಎರಡನೆಯದು, ಒಬ್ಬನೇ ನಿರ್ಧಾರ ಮಾಡಬೇಡ. ಸಭೆಯ ಹಿರಿಯರ ಜೊತೆ, ಕಾನೂನು ತಿಳಿದವರ ಜೊತೆ ಕೂತು ಮಾತಾಡು. ಮೂರನೆಯದು, ಸಂಸ್ಥೆಗೆ ಸತ್ಯ ಹೇಳೋ ದಾರಿಯಲ್ಲೇ ನಡೆ, ಅದಕ್ಕೆ ತಯಾರಾಗು. ಕೆಲಸ ಉಳಿಯುತ್ತೆ ಅಂತ ನಾನು ಭರವಸೆ ಕೊಡಲಾರೆ. ಸತ್ಯ ಹೇಳಿದ ತಕ್ಷಣ ಪ್ರಮೋಷನ್ ಸಿಕ್ತು ಅನ್ನೋ ಸಾಕ್ಷಿಗಳನ್ನು ನಾವು ಬಹಳ ಕೇಳಿದೀವಿ, ಆದರೆ ಜಕ್ಕಾಯನ ಬ್ಯಾಂಕ್ ಬ್ಯಾಲೆನ್ಸ್ ಆಮೇಲೆ ಏನಾಯ್ತು ಅಂತ ಲೂಕ ಬರೆಯಲಿಲ್ಲ. ಈ ಮನೆಗೆ ರಕ್ಷಣೆಯಾಯಿತು ಅಂತ ಯೇಸು ಹೇಳಿದ್ದನ್ನು ಬರೆದ, ಅಷ್ಟೇ.

ಈಗ ಮಾತು ಆ ತಮ್ಮನನ್ನು ಬಿಟ್ಟು ನಮ್ಮ ಕಡೆ ತಿರುಗುತ್ತೆ. ಅವನು ಸತ್ಯ ಹೇಳಿ ಕೆಲಸ ಕಳೆದುಕೊಂಡರೆ ಮೂರು ತಿಂಗಳ ಪಿಜಿ ಬಾಡಿಗೆ ಯಾರು ಕಟ್ಟೋದು? ಊರಿನಲ್ಲಿರೋ ತಾಯಿಯ ಔಷಧಿಗೆ ಯಾರು ಕಳಿಸೋದು? ಯೋಹಾನನ ಮೊದಲನೇ ಉತ್ತರ ನೆನಪಿದೆಯಾ? ಎರಡು ಅಂಗಿ. ಆತ ಅದನ್ನು ಸುಂಕದವರಿಗಿಂತ ಮೊದಲು, ಎಲ್ಲ ಜನರಿಗೆ ಹೇಳಿದ್ದು. ಎರಡು ಅಂಗಿ ಇರೋರು ಒಂದು ಕೊಡೋ ಸಭೆಯಲ್ಲಿ ಮಾತ್ರ ಸುಂಕದವನು ಧೈರ್ಯವಾಗಿ ಸರಿಯಾದ ಲೆಕ್ಕ ಬರೆಯಬಲ್ಲ. ಪ್ರಾಮಾಣಿಕನಾಗಿರು ಅಂತ ಒಬ್ಬನಿಗೆ ಹೇಳಿ, ಅದರ ಬೆಲೆಯನ್ನು ಅವನೊಬ್ಬನೇ ಕಟ್ಟಲಿ ಅಂತ ಬಿಟ್ಟರೆ ನಮ್ಮ ಉಪದೇಶಕ್ಕೆ ತೂಕ ಇರಲ್ಲ. ಯಾಕೋಬ 2:15-16 ಹೇಳೋದು ಇದನ್ನೇ: ಬಟ್ಟೆ ಊಟ ಇಲ್ಲದವನಿಗೆ ಬರೀ ಒಳ್ಳೇ ಮಾತು ಹೇಳಿ ಕಳಿಸಿದರೆ ಏನು ಪ್ರಯೋಜನ ಅಂತ.

ಕೊನೆಯದಾಗಿ ಲೇವಿ. ಅವನು ಸುಂಕದ ಕಟ್ಟೆಯಿಂದ ಎದ್ದು ಎಲ್ಲವನ್ನೂ ಬಿಟ್ಟು ಹೊರಟ. ಕೆಲವರಿಗೆ ಕರೆ ಹಾಗೂ ಇರುತ್ತೆ. ಕುರ್ಚಿ ಬಿಡು ಅನ್ನೋ ಕರೆಯೂ, ಕುರ್ಚಿಯಲ್ಲೇ ಸರಿಯಾಗಿ ಕೂರು ಅನ್ನೋ ಕರೆಯೂ ಒಬ್ಬ ದೇವರದೇ. ಆದರೆ ಲೇವಿ ಮೊದಲು ಮಾಡಿದ್ದೇನು? ಮನೆಯಲ್ಲಿ ದೊಡ್ಡ ಔತಣ ಮಾಡಿಸಿ ಯೇಸುವನ್ನು ಕರೆದ. ಪಂಕ್ತಿಯಲ್ಲಿ ಕೂತಿದ್ದು ಯಾರು? ಅದೇ ಸುಂಕದವರು, ಅವನ ಟೀಮ್‌ನವರು. ನಾನೀಗ ಪರಿಶುದ್ಧ, ನಿಮ್ಮ ಸಹವಾಸ ಬೇಡ ಅನ್ನಲಿಲ್ಲ. ಬಾಡಿಗೆ ರಸೀದಿ ಸರಿಯಾಗಿ ಕೊಟ್ಟ ಮಾತ್ರಕ್ಕೆ ಪಕ್ಕದ ಡೆಸ್ಕಿನವರನ್ನು ಕೀಳಾಗಿ ನೋಡೋ ಅಧಿಕಾರ ನಮಗೂ ಬರಲ್ಲ. ಊಟಕ್ಕೆ ಕರೀರಿ, ಜೊತೆಗೆ ಕೂತು ತಿನ್ನಿ.

ಈ ವಾರಕ್ಕೆ ಎರಡೇ ಕೆಲಸ. ನಿಮ್ಮ ಕೆಲಸದಲ್ಲಿ ಎಲ್ಲರೂ ಮಾಡ್ತಾರೆ ಅನ್ನೋ ಹೆಸರಿನಲ್ಲಿ ನಡೆಯೋ ಒಂದು ಸುಳ್ಳನ್ನು ಗುರುತಿಸಿ, ಅದು ರಸೀದಿ, ಟೈಮ್‌ಶೀಟ್, ಎಸ್ಟಿಮೇಟ್ ಯಾವುದೇ ಇರಲಿ, ಅದನ್ನು ಸರಿಮಾಡಿ. ಹಾಗೇ ನಿಮ್ಮ ಕೂಟದಲ್ಲಿ ಸತ್ಯ ಹೇಳಿದರೆ ಕೆಲಸ ಹೋಗೋ ಸ್ಥಿತಿಯಲ್ಲಿ ಇರೋರು ಇದ್ದರೆ, ಹೋದರೆ ನಾವಿದೀವಿ ಅಂತ ಅವರಿಗೆ ಹೇಳಿ. ಹೇಳೋ ಮೊದಲು ನಿಜವಾಗಿ ಸ್ವಲ್ಪ ಹಣ ಎತ್ತಿಡಿ.

ಪ್ರಾರ್ಥನೆ ಮಾಡೋಣ. ತಂದೆಯೇ, ನೀನು ನಮ್ಮ ಮನೆಗೆ ಮೊದಲು ಬಂದದ್ದಕ್ಕೆ ಸ್ತೋತ್ರ. ನಮ್ಮ ಲೆಕ್ಕದ ಪುಸ್ತಕಗಳನ್ನು ನಿನ್ನ ಮುಂದೆ ತೆರೆದಿಡೋ ಧೈರ್ಯ ಕೊಡು. ಸತ್ಯಕ್ಕಾಗಿ ನಷ್ಟ ಅನುಭವಿಸುವವರ ಜೊತೆ ನಿಲ್ಲೋ ಮನಸ್ಸನ್ನೂ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.